ದೊಡ್ಡವರಿಗೆ ಕಲಿಸುವವರು ಮೊದಲು ಸುತ್ತ ಕೂರಬೇಕು

ತೋಟದ ಕೆಲಸ ಮುಗಿಸಿ, ಮನೆಯವರಿಗೆಲ್ಲ ಅಡುಗೆ ಮಾಡಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಕೂರುವ ಐವತ್ತು ವರ್ಷದ ಹೆಂಗಸಿಗೆ ಅಕ್ಷರ ಕಲಿಸುವುದು ಮಕ್ಕಳಿಗೆ ಕಲಿಸಿದ ಹಾಗಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಅವರಿಗೆ ಕಲಿಸುವ ನಾವು ಐದಾರು ಜನ ನಮ್ಮ ನಮ್ಮಲ್ಲಿ ಹೇಗಿರಬೇಕು ಅನ್ನೋದನ್ನು ಯಾರೂ ಹೇಳಿಕೊಡುವುದಿಲ್ಲ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿಗಳಲ್ಲಿ ಇಂಥ ತಂಡಗಳ ಜೊತೆ ಓಡಾಡಿದವಳು. ಕಂಡುಕೊಂಡಿದ್ದು ಇಷ್ಟು: ಬೋಧಕರ ಸಭೆ ಹೇಗೆ ನಡೆಯುತ್ತದೋ ಅವರ ತರಗತಿಯೂ ಹಾಗೇ ನಡೆಯುತ್ತದೆ. ಸಭೆಯಲ್ಲಿ ಒಬ್ಬರೇ ಮಾತಾಡಿ ಉಳಿದವರು ತಲೆಯಾಡಿಸಿ ಎದ್ದು ಹೋದರೆ, ರಾತ್ರಿ ತರಗತಿಯಲ್ಲೂ ಅದೇ ಆಗುತ್ತದೆ.

ನನಗೆ ಸಿಕ್ಕ ಮೊದಲ ತರಬೇತಿ ಹಾಗೇ ಇತ್ತು. ಎರಡು ದಿನ ವೇದಿಕೆ ಮೇಲಿಂದ ಮೈಕ್ ಹಿಡಿದು ‘ಕಲಿಯುವವರನ್ನು ಮಾತಾಡಿಸಿ’ ಅಂತ ಹೇಳಿದರು, ನಮ್ಮನ್ನು ಮಾತ್ರ ಒಂದು ಸಲವೂ ಮಾತಾಡಿಸಲಿಲ್ಲ. ಊರಿಗೆ ಬಂದು ನಾವೂ ಹಲಗೆ ಮುಂದೆ ನಿಂತು ಹಾಗೇ ಮಾಡಿದೆವು. ಎರಡು ತಿಂಗಳಲ್ಲಿ ಅರ್ಧ ಜನ ಬರುವುದನ್ನೇ ಬಿಟ್ಟರು. ಅವರಲ್ಲಿ ಕೆಲವರು ಮತ್ತೆ ಯಾವತ್ತೂ ಸ್ಲೇಟು ಮುಟ್ಟಲಿಲ್ಲ, ಅದು ನನಗೆ ಇವತ್ತಿಗೂ ನೋವು.

ಈಗ ನಡೆಯುತ್ತಿರುವುದು ಉಲ್ಲಾಸ್, ಅಂದರೆ ನವ ಭಾರತ ಸಾಕ್ಷರತಾ ಕಾರ್ಯಕ್ರಮ. 2022ರಿಂದ 2027ರವರೆಗೆ ಇದರ ಅವಧಿ. 15 ವರ್ಷ ತುಂಬಿದ, ಓದು ಬರಹ ಬಾರದವರಿಗೆ ಸ್ವಯಂಸೇವಕರು ಕಲಿಸಬೇಕು. ಸಂಬಳ ಇಲ್ಲ, ಹಾಗಾಗಿ ತಂಡದಲ್ಲಿ ಯಾರೂ ಯಾರಿಗೂ ಮೇಲಿನವರಲ್ಲ. ನಿವೃತ್ತ ಮೇಷ್ಟ್ರು ಒಬ್ಬರು, ಈಗಷ್ಟೇ ಡಿ.ಎಡ್. ಮುಗಿಸಿದ ಹುಡುಗಿ, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ, ಹೀಗಿರುತ್ತದೆ ತಂಡ. ಹುಕುಂ ಮಾಡಿದರೆ ಮಾರನೇ ದಿನ ಯಾರೂ ಬರುವುದಿಲ್ಲ. ಒಬ್ಬರ ಮೇಲೊಬ್ಬರಿಗೆ ಮರ್ಯಾದೆ ಇದ್ದರೆ ಮಾತ್ರ ತಂಡ ನಿಲ್ಲುತ್ತದೆ, ಅದನ್ನು ಬೇಕಂತಲೇ ಕೂತು ಬೆಳೆಸಬೇಕು.

ಮೊದಲ ಸಭೆಯಲ್ಲಿ ಪುಸ್ತಕ ತೆರೆಯಬೇಡಿ. ಎಲ್ಲರಿಗೂ ಒಂದೊಂದು ಸ್ಲೇಟು ಕೊಟ್ಟು ಎಡಗೈಯಲ್ಲಿ ಹೆಸರು, ಊರು ಬರೆಯಲು ಹೇಳಿ. ಎಡಚರಿದ್ದರೆ ಅವರು ಬಲಗೈಯಲ್ಲಿ ಬರೆಯಲಿ. ಪಕ್ಕದಲ್ಲಿ ನಿಂತು ‘ಬೇಗ, ಬೇಗ’ ಅನ್ನಿ. ನಮ್ಮಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ತಮ್ಮ ಹೆಸರಿನ ಎರಡನೇ ಅಕ್ಷರಕ್ಕೇ ನಿಂತುಬಿಟ್ಟರು. ಕಿವಿ ಕೆಂಪಾಯಿತು, ಸ್ಲೇಟಿಗೆ ಕೈ ಅಡ್ಡ ಇಟ್ಟುಕೊಂಡರು. ಆಮೇಲೆ ಅವರೇ ಹೇಳಿದರು, ‘ನಮ್ಮ ಶಾಲೆಯ ಹಿಂದಿನ ಬೆಂಚಿನ ಹುಡುಗರೂ ಹೀಗೇ ಕೈ ಅಡ್ಡ ಇಡ್ತಿದ್ರು.’ ಇದಾದ ಮೇಲೆ ಕಲಿಯುವವರ ನಾಚಿಕೆ ಬಗ್ಗೆ ಬೇರೆ ಭಾಷಣ ಬೇಕಾಗಲಿಲ್ಲ. ಈ ಅಭ್ಯಾಸ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ಆದರೆ ಅದರ ಬಗ್ಗೆ ಮಾತಾಡಲು ಅರ್ಧ ಗಂಟೆ ಇಟ್ಟುಕೊಳ್ಳಿ.

ವಾರದ ಸಭೆಗೆ ಸುತ್ತ ಕೂರಿ, ಎಲ್ಲರೂ ನೆಲದ ಮೇಲೆ ಅಥವಾ ಎಲ್ಲರೂ ಕುರ್ಚಿ ಮೇಲೆ. ಮೇಷ್ಟ್ರಿಗೆ ಮಾತ್ರ ಕುರ್ಚಿ ಹಾಕಿದರೆ ಸಭೆ ಅಲ್ಲಿಗೇ ಕೆಡುತ್ತದೆ. ಮಂಡಿ ನೋವಿನವರಿದ್ದರೆ ಎಲ್ಲರೂ ಜಗಲಿ ಅಂಚಿಗೆ ಹೋಗಿ ಕೂರಿ. ಸಭೆ ನಡೆಸುವ ಸರದಿ ವಾರಕ್ಕೊಬ್ಬರದು, ಚಿಕ್ಕವರು ದೊಡ್ಡವರು ಅಂತಿಲ್ಲ. ಮಾತು ಒಬ್ಬರ ಕಡೆಗೇ ಹರಿಯುತ್ತಿದೆ ಅನಿಸಿದರೆ ಒಬ್ಬೊಬ್ಬರ ಕೈಗೆ ಮೂರು ಮೂರು ಗೋಟಡಿಕೆ ಕೊಡಿ. ಒಂದು ಸಲ ಮಾತಾಡಿದರೆ ಒಂದು ಅಡಿಕೆ ಮಧ್ಯದ ತಟ್ಟೆಗೆ. ಮೂರೂ ಮುಗಿದವರು ಉಳಿದವರ ಕೈ ಖಾಲಿಯಾಗುವವರೆಗೆ ಕೇಳಿಸಿಕೊಳ್ಳಬೇಕು. ಮೊದಲ ದಿನ ಮೇಷ್ಟ್ರ ಕೈ ಐದು ನಿಮಿಷದಲ್ಲಿ ಬರಿದಾಯಿತು, ಸಂಘದ ಅಕ್ಕ ಮೂರನ್ನೂ ಕೊನೆವರೆಗೆ ಬಿಗಿಯಾಗಿ ಹಿಡಿದುಕೊಂಡಿದ್ದರು. ಯಾರೂ ಏನೂ ಹೇಳಬೇಕಾಗಲಿಲ್ಲ, ಎಲ್ಲರಿಗೂ ಕಂಡಿತು. ಇದೇ ಆಟ ಮುಂದೆ ತರಗತಿಗೂ ಹೋಯಿತು.

ಇನ್ನು ಜೋಡಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಒಂದು ತರಗತಿಗೆ ಇಬ್ಬರು ಹೋಗಿ. ಒಬ್ಬರು ನಡೆಸಲಿ, ಇನ್ನೊಬ್ಬರು ಸುಮ್ನೆ ಹಿಂದೆ ಕೂತು ನೋಡಲಿ. ನೋಡುವವರು ಹಾಳೆ ಮೇಲೆ ಕಲಿಯುವವರು ಕೂತ ಜಾಗಕ್ಕೆ ಒಂದೊಂದು ಸೊನ್ನೆ ಹಾಕಿಕೊಳ್ಳಬೇಕು, ಯಾರು ಬಾಯಿ ಬಿಟ್ಟರೂ ಆ ಸೊನ್ನೆಯೊಳಗೆ ಒಂದು ಗೆರೆ. ಬೋಧಕರು ಮಾತಾಡಿದಾಗಲೂ ಗೆರೆ ಬೀಳಬೇಕು. ಗಂಟೆಯ ಕೊನೆಗೆ ಬೋಧಕರ ಸೊನ್ನೆ ಗೆರೆಗಳಿಂದ ತುಂಬಿ, ಬಾಗಿಲ ಬಳಿ ಕೂತವರದು ಖಾಲಿ ಉಳಿದಿದ್ದರೆ ಮುಂದಿನ ವಾರ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಯಿತಲ್ವಾ?

ತರಗತಿ ಮುಗಿದ ಮೇಲೆ ಹದಿನೈದು ನಿಮಿಷ ಇಬ್ಬರೇ ಕೂರಿ. ನಡೆಸಿದವರು ಮೊದಲು ಮಾತಾಡಬೇಕು. ಆಮೇಲೆ ನೋಡಿದವರು ತಾವು ಕಂಡದ್ದನ್ನು ಹೇಳಬೇಕು, ಅಷ್ಟೇ. ‘ಚೆನ್ನಾಗಿತ್ತು’ ಅನ್ನುವುದರಿಂದ ಏನೂ ಸಿಗುವುದಿಲ್ಲ. ‘ನಿಮಗೆ ತಾಳ್ಮೆ ಕಡಿಮೆ’ ಅಂದರೆ ಜಗಳ. ‘ನೀವು ಪ್ರಶ್ನೆ ಕೇಳಿ, ಅವರು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿಬಿಟ್ಟಿರಿ, ನಾಲ್ಕು ಸಲ’ ಅಂದರೆ ಅದು ಕೆಲಸಕ್ಕೆ ಬರುವ ಮಾತು.

ಈ ಕಾಯುವ ವಿಷಯವನ್ನು ಅಭ್ಯಾಸ ಮಾಡಿಯೇ ಕಲಿಯಬೇಕು. ಅಮೆರಿಕದ ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಶಾಲೆಗಳಲ್ಲಿ ಕೂತು ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿದ್ದವರೂ ಮಾತಾಡಿದರು. ಅದು ಮಕ್ಕಳ ಲೆಕ್ಕ. ನಮ್ಮ ಅಕ್ಕಂದಿರಿಗೆ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕಾಯಿರಿ ಅಂತ ನಾನು ಹೇಳುತ್ತೇನೆ. ಆ ಹತ್ತು ಎಣಿಕೆ ಬಹಳ ಉದ್ದ ಅನಿಸುತ್ತದೆ. ಸಭೆಯಲ್ಲಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ ಕಾದು ಅಭ್ಯಾಸ ಮಾಡಿ.

ಜೋಡಿಯಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ದೀವರ ಕೇರಿಯ ಒಬ್ಬ ಅಮ್ಮ ವಾರಗಟ್ಟಲೆ ಬಂದು ಕೂತರೂ ಪೆನ್ಸಿಲ್ ಮುಟ್ಟುತ್ತಿರಲಿಲ್ಲ, ‘ನನ್ನ ಕೈ ತಿರುಗೂದಿಲ್ಲ’ ಅನ್ನುತ್ತಿದ್ದರು. ನಡೆಸುವವರಿಗೆ ಹಲಗೆ ನೋಡುವುದರಲ್ಲೇ ಸಮಯ ಹೋಗುತ್ತಿತ್ತು. ಹಿಂದೆ ಕೂತಿದ್ದ ಹುಡುಗಿ ತರಗತಿ ನಡೆಯುವ ಮನೆಯ ಗೋಡೆ ನೋಡಿದ್ದಳು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ, ಪುಂಡಿನಾರಿನ ಕುಂಚದಿಂದ ಎಳೆದ ಕೂದಲೆಳೆಯಂಥ ಗೆರೆಗಳು, ಒಂದೂ ಸೊಟ್ಟ ಇಲ್ಲ. ಬರೆದದ್ದು ಅದೇ ಅಮ್ಮ. ನಾವು ಚಿತ್ತಾರವನ್ನೂ ‘ಬರೆಯೋದು’ ಅಂತಲೇ ಹೇಳುತ್ತೇವೆ. ಮಾರನೇ ದಿನ ಹುಡುಗಿ ಪೆನ್ಸಿಲ್ ಬದಲು ಕುಂಚ ಕೊಟ್ಟು, ‘ಅಮ್ಮಾ, ಇದರಲ್ಲೊಂದು ರ ಬರೀರಿ’ ಅಂದಳು. ಅವರು ನೆಲದ ಮೇಲೆ ರ ಬರೆದರು, ಪಕ್ಕದಲ್ಲಿ ಇನ್ನೊಂದು, ಮತ್ತೊಂದು, ಸಾಲು ಸಾಲಾಗಿ, ಎಲ್ಲ ಒಂದೇ ಅಳತೆ. ಒಬ್ಬರೇ ಪಾಠ ಮಾಡಿದ್ದರೆ ಇದು ಕಾಣುತ್ತಿರಲಿಲ್ಲ.

ಪಾಠ ಆರಿಸುವುದನ್ನೂ ಒಟ್ಟಿಗೆ ಮಾಡಿ. ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಕೆಲಸಕ್ಕೆ ಕೈ ಹಾಕಿದಾಗ, ಅವರ ಬದುಕಿನ ಮಾತುಗಳಿಂದಲೇ ಶುರು ಮಾಡಿದರು. ನಾವೂ ಅಷ್ಟೇ. ಒಬ್ಬೊಬ್ಬ ಬೋಧಕರು ನಾಲ್ಕು ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಜನ ಪದೇ ಪದೇ ಆಡುವ ಹತ್ತು ಮಾತು ಬರೆದುಕೊಂಡು ಬರಲಿ. ಎಲ್ಲವನ್ನೂ ಹರಡಿ ಒಟ್ಟಿಗೆ ಆರಿಸಿ. ನಮ್ಮಲ್ಲಿ ಮೊದಲು ಬಂದದ್ದು ‘ಅಡಿಕೆ’. ಅ, ಡ, ಕ, ಮೂರಕ್ಕೆ ಕಾಗುಣಿತ ಸೇರಿಸಿದರೆ ಅಡಿ, ಕಾಡು, ಕುಡಿ, ಕೊಡೆ, ಕೋಡು, ಕಡಿ ಎಲ್ಲ ಹುಟ್ಟುತ್ತವೆ. ಇವನ್ನು ನೀವು ಹೇಳಬೇಡಿ, ಅವರೇ ಜೋಡಿಸಿ ಕಂಡುಕೊಳ್ಳಲಿ.

ಯಾವ ಪಾಠವನ್ನು ಯಾರು ನಡೆಸಬೇಕು ಅನ್ನುವುದನ್ನು ಓದಿನ ಮೇಲೆ ಅಳೆಯಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆ ಬಂತೆಂದರೆ ಕಾಡಿಗೆ ಹೋಗುವವರಿಗೆ ಆ ಕಾಯಿಲೆ ಹರಡುವ ಉಣುಗು ಹುಳದ ಭಯ. ಆ ಕಾಯಿಲೆ ಬಗ್ಗೆ ಇರುವ ಕರಪತ್ರ ಓದುವ ಪಾಠವನ್ನು ಆಶಾ ಅಕ್ಕನಿಗೇ ಬಿಡಿ, ಮೇಷ್ಟ್ರು ಪಕ್ಕದಲ್ಲಿ ಕೂತು ಕಾಗುಣಿತಕ್ಕೆ ನೆರವಾಗಲಿ. ಸಂಘದ ಪಾಸ್‌ಬುಕ್, ಬಡ್ಡಿ ಲೆಕ್ಕ ಬಂದರೆ ಸಂಘದ ಅಕ್ಕ ಮುಂದೆ ಬರಲಿ.

ಕಲಿಯುವವರನ್ನು ಅಕ್ಕ, ಅಮ್ಮ, ಅಣ್ಣ ಅಂತಲೇ ಕರೆಯಿರಿ, ಬಹುವಚನದಲ್ಲಿ ಮಾತಾಡಿಸಿ. ಬೋಧಕರೂ ಕಲಿಯುವವರ ಎದುರು ಒಬ್ಬರನ್ನೊಬ್ಬರು ತಿದ್ದಬಾರದು. ಚಿಕ್ಕವಳು ಅಂತ ಆ ಹುಡುಗಿಯನ್ನು ನಡುವೆ ತಡೆದರೆ, ಮಾರನೇ ದಿನದಿಂದ ಅವಳ ಮಾತನ್ನು ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಮನಸ್ತಾಪ ಬಂದರೆ ಆ ವಾರವೇ, ಆ ಇಬ್ಬರ ಜೊತೆ ಇನ್ನೊಬ್ಬರು ಕೂತು ಬಗೆಹರಿಸಿ. ಫೋನಿನ ಗ್ರೂಪಿನಲ್ಲಿ ಬರೆಯಬೇಡಿ, ಅದು ಉರಿಗೆ ತುಪ್ಪ ಸುರಿದ ಹಾಗೆ.

ಕೊಯ್ಲು ಶುರುವಾದರೆ ತರಗತಿಗೆ ಯಾರೂ ಬರುವುದಿಲ್ಲ ಅಂತ ಕೊರಗಬೇಡಿ, ಅಡಿಕೆ ಸುಲಿಯುವ ಅಂಗಳಕ್ಕೆ ನೀವೇ ಹೋಗಿ. ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಬಿಡುವಿರುವುದಿಲ್ಲ, ಆದರೆ ಕಿವಿ, ಬಾಯಿ ಬಿಡುವಾಗಿರುತ್ತವೆ. ಒಬ್ಬರು ಪತ್ರಿಕೆ ಓದಿ ಹೇಳಲಿ, ಇನ್ನೊಬ್ಬರು ಒಗಟು, ಬಾಯಿಲೆಕ್ಕ ಕೇಳಲಿ.

ಮಳೆಗಾಲಕ್ಕೆ ಜೋಡಿಗಳನ್ನು ಮೇ ತಿಂಗಳಲ್ಲೇ ಬದಲಿಸಿ. ಹಳ್ಳದ ಈಚೆ ಇರುವವರಿಗೆ ಈಚಿನ ತರಗತಿ, ಆಚೆ ಇರುವವರಿಗೆ ಆಚಿನದು, ಯಾಕೆಂದರೆ ಸಂಕ (ಹಳ್ಳದ ಕಾಲುಸೇತುವೆ) ಯಾವಾಗ ನೀರಿಗೆ ಹೋಗುತ್ತದೋ ಹೇಳಲಾಗದು. ತರಗತಿಯ ದಿನಚರಿ ಪುಸ್ತಕ ಬೋಧಕರ ಮನೆಯಲ್ಲಿರಬಾರದು, ತರಗತಿ ನಡೆಯುವ ಮನೆಯಲ್ಲೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಿ. ಯಾವ ಪಾಠಕ್ಕೆ ನಿಂತಿದೆ, ಯಾರು ಎರಡು ದಿನದಿಂದ ಬಂದಿಲ್ಲ, ಯಾರಿಗೆ ಕನ್ನಡಕ ಬೇಕು, ಇಷ್ಟು ಬರೆದಿದ್ದರೆ ಸಾಕು. ಕರೆಂಟಿಲ್ಲದ ರಾತ್ರಿ ನಿಮ್ಮ ಬದಲು ಬಂದವರು ಟಾರ್ಚ್ ಹಾಕಿ ಅದನ್ನು ಓದಿಕೊಂಡು ಪಾಠ ಮುಂದುವರಿಸುತ್ತಾರೆ.