ಮಲ್ಲಿಗೆ ಮೊದಲು ಬಾಯಾರಬೇಕು

ಗಿಡದ ಕೆಲಸಕ್ಕೆ ಯುಗಾದಿಯವರೆಗೆ ಕಾಯುವವರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಕಟ್ಟಡದಲ್ಲೇ ಪ್ರತಿವರ್ಷ ನೋಡುತ್ತೇನೆ. ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ ಹುಡುಗಿಯರು ಮೊಬೈಲನ್ನು ಎದುರಿಗೆ ಒರಗಿಸಿಟ್ಟು ವಿಡಿಯೋ ನೋಡುತ್ತ, ಗಿಡವನ್ನು ಕುಂಡದಿಂದ ಕಿತ್ತು ಬೇರು ಕೊಡವುತ್ತ ಕೂತಿರುತ್ತಾರೆ. ಹಿಮ ಬೀಳುವ ದೇಶದವರು ಮಾರ್ಚಿನಲ್ಲಿ ಮಾಡುವ ಕೆಲಸ ಅದು. ಅಲ್ಲಿ ಗಿಡಗಳಿಗೆ ಎಚ್ಚರವಾಗುವುದೇ ಆಗ. ಇಲ್ಲಿ ವಸಂತದ ಬೆನ್ನಿಗೇ ಬೆಂಕಿ ಬರುತ್ತದೆ, ಮಾರಾಯ್ತಿ. ಮೂಡಣ ಗಾಳಿ ಬೀಸಿ, ಕಡಲಗಾಳಿ ಬರುವುದು ತಡವಾದ ದಿನ ಮುಂಬಯಿಯಲ್ಲಿ ಮಾರ್ಚಿನಲ್ಲೇ ಸೆಕೆ 40 ಡಿಗ್ರಿಯ ಹತ್ತಿರ ಹೋಗುತ್ತದೆ. 1956ರ ಮಾರ್ಚ್ 28ರಂದು ಸಾಂತಾಕ್ರೂಜ್‌ನಲ್ಲಿ 41.7 ಡಿಗ್ರಿ ದಾಖಲಾಗಿತ್ತು. ಅಂಥ ಬಿಸಿಲಿಗೆ ಬೇರು ಕೊಡವಿದ ಗಿಡ ಬದುಕುವುದು ಹೇಗೆ?

ಮಣ್ಣು ಮುಟ್ಟುವ ಕೆಲಸವೆಲ್ಲ ಸಂಕ್ರಾಂತಿಗೆ ಶುರುವಾಗಿ ಶಿವರಾತ್ರಿಯೊಳಗೆ ಮುಗಿಯಬೇಕು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅನ್ನುತ್ತ ಓಡಿಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಅಷ್ಟರೊಳಗೆ ಗಿಡ ಹೊಸ ಮಣ್ಣಿನಲ್ಲಿ ಬೇರು ಬಿಟ್ಟಿರಬೇಕು.

ಮಣ್ಣಿನ ವಿಷಯ ಹೆಚ್ಚು ಹೇಳಬೇಕಿಲ್ಲ. ನರ್ಸರಿಯವರು ಚೀಲದಲ್ಲಿ ಕೊಡುವ ಕೆಂಪು ಮಣ್ಣನ್ನು ಹಾಗೆಯೇ ತುಂಬಬೇಡಿ, ಎರಡು ಸಲ ನೀರು ಬಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಊರಿನಲ್ಲಾಗಿದ್ದರೆ ತರಗೆಲೆ ಒಟ್ಟಿ ಸುಡುಮಣ್ಣು ಮಾಡಿಕೊಳ್ಳುತ್ತಿದ್ದೆವು. ಇಲ್ಲಿ ಹೊಗೆ ಎಬ್ಬಿಸಿದರೆ ಸೊಸೈಟಿಯವರು ಬಾಗಿಲಿಗೆ ಬರುತ್ತಾರೆ. ಹಳೆಯ ಹಟ್ಟಿಗೊಬ್ಬರ, ಸ್ವಲ್ಪ ಮರಳು, ತೆಂಗಿನ ನಾರಿನ ಪುಡಿ ಇಷ್ಟು ಬೆರೆಸಿ. ಗೊಬ್ಬರ ಮೂಗಿಗೆ ಹಿಡಿದರೆ ಸಗಣಿ ವಾಸನೆ ಬರಬಾರದು, ಬಂದರೆ ಅದಿನ್ನೂ ಹಸಿ, ಬೇರನ್ನು ಸುಡುತ್ತದೆ. ಬೆರೆಸಿದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ಕಟ್ಟಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಅಳತೆ ಅಷ್ಟೇ.

ಈಗ ಮಲ್ಲಿಗೆ. ‘ಆಂಟೀ, ನಿಮ್ಮ ಗಿಡದಲ್ಲಿ ಮಾತ್ರ ಇಷ್ಟು ಮೊಗ್ಗು ಹೇಗೆ, ನಾವು ದಿನಾ ನೀರು ಹಾಕಿದರೂ ಬರೀ ಎಲೆ’ ಎಂದು ಕೇಳುತ್ತಾರೆ. ದಿನಾ ನೀರು ಹಾಕಿದ್ದಕ್ಕೇ ಬರೀ ಎಲೆ! ಮಲ್ಲಿಗೆ ಹೂ ಬಿಡಬೇಕಾದರೆ ಮೊದಲು ಬಾಯಾರಬೇಕು. ನಾಗಪುರದ ಕಿತ್ತಳೆ ತೋಟದವರೂ ಇದನ್ನೇ ಮಾಡುವುದು. ಡಿಸೆಂಬರಿನಲ್ಲಿ ನೀರು ನಿಲ್ಲಿಸಿ ಮರಕ್ಕೆ ‘ತಾಣ’ (ಮರಾಠಿಯಲ್ಲಿ ಒತ್ತಡ ಎಂದರ್ಥ) ಕೊಡುತ್ತಾರೆ, ಆಮೇಲೆ ನೀರು ಬಿಟ್ಟರೆ ಮರ ತುಂಬ ಹೂ. ನೀರಿಲ್ಲದಾಗ ಗಿಡ ಚಿಗುರುವುದನ್ನು ಬಿಟ್ಟು, ಕಸುವನ್ನು ಕೊಂಬೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ.

ನನ್ನ ತವರು ಉಡುಪಿ ಹತ್ತಿರದ ಶಂಕರಪುರದ ಕಡೆ. ಅಲ್ಲಿ ಮಲ್ಲಿಗೆ ಎಂದರೆ ಹೆಂಗಸರ ಕೈಯ ದುಡ್ಡು. ಅಮ್ಮ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ನೀರಲ್ಲಿ ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಿದ್ದಳು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ದಿನದಿನವೂ ಬೇರೆ ದರ. ನಮ್ಮ ಪುಸ್ತಕ, ಚಪ್ಪಲಿ, ನನ್ನ ಕಿವಿಯ ಓಲೆ ಎಲ್ಲ ಆ ಗಿಡಗಳಿಂದಲೇ ಬಂದದ್ದು. ಅವಳು ಗಿಡಕ್ಕೆ ಕತ್ತಿ ಹಾಕುವ ದಿನ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಕೊಂಕಣ ರೈಲು ಇನ್ನೂ ಇರದ ಕಾಲದಲ್ಲಿ, ಬಾಂಬೆ ಬಸ್ಸಿನಲ್ಲಿ, ಒದ್ದೆ ಬಟ್ಟೆ ಸುತ್ತಿದ ಮಲ್ಲಿಗೆ ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು ನಾನು ಈ ಊರಿಗೆ ಬಂದೆ. ನನ್ನ ಗ್ರಿಲ್ಲಿನಲ್ಲಿರುವುದು ಅವುಗಳ ಸಂತತಿಯೇ.

ಸಂಕ್ರಾಂತಿಗೆ ಮುಂಚೆ ನೀರು ಕಡಿಮೆ ಮಾಡುತ್ತ ಬಂದು ಪೂರ್ತಿ ನಿಲ್ಲಿಸಿ. ಎಷ್ಟು ದಿನ ಎಂದು ನನ್ನನ್ನು ಕೇಳಬೇಡಿ, ಗಿಡವನ್ನು ಕೇಳಿ. ನೆಲದ ಗಿಡ ತುಂಬ ದಿನ ತಡೆಯುತ್ತದೆ, ಕುಂಡದ್ದು ಬೇಗ ಸೋಲುತ್ತದೆ. ಸಂಜೆ ಎಲೆ ಬಾಡಿದರೆ ಅದು ಲೆಕ್ಕಕ್ಕಿಲ್ಲ, ಬಿಸಿಲಿಗೆ ಯಾವ ಗಿಡವೂ ಬಾಡುತ್ತದೆ. ಬೆಳಿಗ್ಗೆ ಎದ್ದು ನೋಡಿದಾಗಲೂ ಎಲೆ ಜೋತಿದ್ದರೆ, ಬುಡದ ಹಳೆಯ ಎಲೆಗಳು ಹಳದಿಯಾಗಿದ್ದರೆ, ಸಾಕು. ಅನುಮಾನ ಬಂದರೆ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಒಂಚೂರು ಕೆರೆದು ನೋಡಿ. ಒಳಗೆ ಹಸಿರು ಇರಲೇಬೇಕು. ಕಂದು ಬಣ್ಣ ಕಂಡರೆ ನೀವು ಮಿತಿ ಮೀರಿದಿರಿ ಎಂದರ್ಥ.

ಆಮೇಲೆ ಕತ್ತರಿಸುವುದು. ಹರಿತವಾದ ಕತ್ತರಿ ಬೇಕು, ಅಡುಗೆಮನೆಯ ಮೊಂಡು ಪೀಶಕತ್ತಿಯಲ್ಲಿ ಕೊಂಬೆ ಜಜ್ಜಬೇಡಿ. ಕುಂಡದ ಗಿಡವಾದರೆ ಮಣ್ಣಿನಿಂದ ಒಂದೂವರೆ ಗೇಣು ಬಿಡಿ, ನೆಲದ್ದಾದರೆ ಮೊಣಕಾಲೆತ್ತರ. ಒಣಗಿದ್ದು, ಒಂದಕ್ಕೊಂದು ಉಜ್ಜುವಂಥದ್ದು, ನೂಲಿನಷ್ಟು ಸಪೂರ ಇರುವುದು ಎಲ್ಲ ಹೋಗಲಿ. ಗಂಟಿನ ಮೇಲೆ ಸ್ವಲ್ಪ ಬಿಟ್ಟು ಓರೆಯಾಗಿ ಕತ್ತರಿಸಿ. ‘ಅಯ್ಯೋ ಪಾಪ’ ಅನ್ನುತ್ತ ತುದಿ ಮಾತ್ರ ಚಿವುಟುವವರಿಗೆ ಪಾವು ಹೂವೂ ಸಿಗುವುದಿಲ್ಲ.

ಇನ್ನು ಉಳಿದ ಎಲೆ. ಒಂದು ಎಲೆಯೂ ಗಿಡದ ಮೇಲೆ ಉಳಿಯಬಾರದು. ಇಲ್ಲೇ ಎಲ್ಲರೂ ಅವಸರ ಮಾಡುವುದು. ಕೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಸರ್ರನೆ ಕೆಳಕ್ಕೆ ಎಳೆಯುತ್ತಾರೆ, ತೊಗಟೆ ಸುಲಿದು ಬರುತ್ತದೆ. ಮೇಲಕ್ಕೆ ಎಳೆದರೆ ತೊಟ್ಟಿನ ಸಂದಿಯಲ್ಲಿ ಕೂತಿರುವ ಕಣ್ಣೇ ಮುರಿಯುತ್ತದೆ. ಆ ಕಣ್ಣಿನಿಂದ ತಾನೇ ಚಿಗುರು, ಚಿಗುರಿನ ತುದಿಯಲ್ಲಿ ತಾನೇ ಮೊಗ್ಗು? ಹಾಗಾಗಿ ಎಳೆಯಲೇಬೇಡಿ. ಸ್ಟೂಲ್ ಹಾಕಿಕೊಂಡು ಗಿಡದ ಮುಂದೆ ಕೂತು, ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಲೆಯನ್ನು, ತೊಟ್ಟು ಒಂಚೂರು ಕೊಂಬೆಯಲ್ಲೇ ಉಳಿಯುವ ಹಾಗೆ ಕತ್ತರಿಸಿ. ಬುಡದಿಂದ ಶುರುಮಾಡಿ ಮೇಲಕ್ಕೆ ಬನ್ನಿ, ಕೊಂಬೆಯನ್ನು ಎಡಗೈಯಲ್ಲಿ ಮೆಲ್ಲಗೆ ತಿರುಗಿಸುತ್ತಿರಿ, ಎಲೆಗಳು ಜೋಡಿಜೋಡಿಯಾಗಿ ಸಿಗುತ್ತವೆ. ಉಳಿದ ತೊಟ್ಟಿನ ತುಂಡು ಕೆಲವೇ ದಿನಗಳಲ್ಲಿ ಹಳದಿಯಾಗಿ, ಬೆರಳು ತಾಗಿದರೂ ಉದುರುತ್ತದೆ, ಕಣ್ಣಿಗೆ ಏನೂ ಆಗಿರುವುದಿಲ್ಲ. ಒಂದು ಗಿಡಕ್ಕೆ ಒಂದು ಮಧ್ಯಾಹ್ನವೇ ಹೋಗಬಹುದು. ಹೋಗಲಿ. ಸೀರಿಯಲ್ ನೋಡಲು ಹೊತ್ತಿದೆಯಲ್ಲ?

ಇದಾದ ಮೇಲೆ ಬುಡದ ಮಣ್ಣನ್ನು ಮೂರು ನಾಲ್ಕು ಬೆರಳಿನಷ್ಟು ಬಿಡಿಸಿ, ಮೇಲ್ಬೇರಿಗೆ ಒಂದೆರಡು ದಿನ ಗಾಳಿ ಬಿಸಿಲು ತಾಗಲಿ. ಮೊದಲು ಹೇಳಿದ ಗೊಬ್ಬರದ ಮಣ್ಣಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಮೊದಲ ದಿನ ಚಿಮುಕಿಸಿದಷ್ಟೇ ನೀರು, ಮಾರನೆಯ ದಿನ ಕುಂಡದ ತೂತಿನಿಂದ ಹೊರಬರುವಷ್ಟು. ಕಣ್ಣು ಕೆಂಪಗೆ ಉಬ್ಬಿದ ಮೇಲೆ ನೆಲಗಡಲೆ ಹಿಂಡಿಯ ನೀರು. ಹಿಂಡಿಯನ್ನು ಬಕೆಟ್ಟಿನ ನೀರಲ್ಲಿ ನೆನೆಸಿ ಮೂರು ನಾಲ್ಕು ದಿನ ಮುಚ್ಚಿಡಿ, ವಾಸನೆ ಬರುತ್ತದೆ, ಬರಲೇಬೇಕು. ಅದಕ್ಕೆ ನೀರು ಕೂಡಿಸುತ್ತ ಹೋಗಿ, ನೀರು ಮಜ್ಜಿಗೆಯ ಹಾಗೆ ತೆಳ್ಳಗಾದರೆ ಬುಡಕ್ಕೆ ಹಾಕಬಹುದು. ಸಂಜೆಯೇ ಹಾಕಿ, ಕೆಳಗಿನ ಮನೆಯವರು ಕಿಟಕಿ ಮುಚ್ಚಿಕೊಳ್ಳಲು ಒಂದು ಮಾತು ಹೇಳಿ.

ಕುಂಡಕ್ಕೆ ಸಿಕ್ಕಿದ್ದೆಲ್ಲ ಸುರಿಯುವ ಚಾಳಿಯೂ ಇದೆ. ಅಕ್ಕಿ ತೊಳೆದ ನೀರು ಸರಿ. ಹುಣಸೆಹುಳಿಯಲ್ಲಿ ಹಿತ್ತಾಳೆ ದೀಪ ತಿಕ್ಕಿದ ನೀರು ಬೇಡವೇ ಬೇಡ, ಅದರಲ್ಲಿ ತಾಮ್ರ ಬಿಟ್ಟಿರುತ್ತದೆ. ದೀಪದ ಮಾತು ಬಂತೆಂದು ಹೇಳುತ್ತೇನೆ, ತಿಕ್ಕಿ ತೊಳೆದು ಹಾಗೆಯೇ ಬೋರಲು ಹಾಕಬೇಡಿ. ತಕ್ಷಣ ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡಿ. ಇಲ್ಲದಿದ್ದರೆ ಮುಂಬಯಿಯ ತೇವಕ್ಕೆ ಸಂಜೆಯೊಳಗೆ ಕಲೆ ಬೀಳುತ್ತದೆ, ಆಮೇಲೆ ಹುಳಿಯದು ತಪ್ಪು ಅನ್ನುತ್ತೀರಿ.

ಕುಂಡ ಇಡುವ ಜಾಗವನ್ನೂ ಈಗಲೇ ಯೋಚಿಸಿ. ಜನವರಿಯ ಬಿಸಿಲು ತೆಂಕಣದಿಂದ ಓರೆಯಾಗಿ ಬಂದು ತೆಂಕುಮುಖದ ಬಾಲ್ಕನಿಯ ಒಳಗೋಡೆಯವರೆಗೂ ತಲುಪುತ್ತದೆ. ಅದನ್ನೇ ನಂಬಿ ಮಲ್ಲಿಗೆಯನ್ನು ಗೋಡೆಗೆ ಒರಗಿಸಿದರೆ ಏಪ್ರಿಲಿನಲ್ಲಿ ಅದಕ್ಕೆ ಬಿಸಿಲೇ ಇಲ್ಲ. ಸೂರ್ಯ ಮೇಲೇರುತ್ತ ಮೇ ನಡುವಿನಲ್ಲಿ ಮುಂಬಯಿಯ ನೆತ್ತಿಗೆ ನೇರ ಬರುತ್ತಾನೆ, ಮೇಲಿನ ಮನೆಯ ಬಾಲ್ಕನಿ ನೆರಳು ಹಾಕುತ್ತದೆ. ಮಲ್ಲಿಗೆ ಗ್ರಿಲ್ಲಿನ ಹೊರ ಅಂಚಿಗೆ ಬರಲಿ. ಪಡುವಣ ದಿಕ್ಕಿನ ಗ್ರಿಲ್ಲಿಗೆ ಬಸಳೆ ಹಬ್ಬಿಸಿ, ಮಧ್ಯಾಹ್ನದ ಬಿಸಿಲಿಗೆ ಅದೇ ಪರದೆ, ಸಾರಿಗೆ ಸೊಪ್ಪೂ ಆಯಿತು. ಬಸಳೆಗೂ ತೊಂಡೆಗೂ ಬೀಜ ಹುಡುಕಬೇಡಿ, ಬಲಿತ ಬಳ್ಳಿಯ ತುಂಡು ಊರಿದರೆ ಬರುತ್ತದೆ. ಹರಿವೆ, ಬೆಂಡೆ, ಅಲಸಂಡೆ ಈಗ ಬಿತ್ತಿ. ಕೊತ್ತಂಬರಿ ಬೇಡ, ಸೆಕೆಗೆ ಎಲೆ ಬಿಡುವ ಮೊದಲೇ ಹೂ ಬಿಟ್ಟು ಮುಗಿಯುತ್ತದೆ. ಗುಲಾಬಿಯನ್ನು ಈಗ ಬೋಳು ಮಾಡಬೇಡಿ, ಅದರ ಕಾಲ ಮಳೆ ನಿಂತ ಮೇಲಿನ ಅಕ್ಟೋಬರ್. ಬೈಕಲಾದ ರಾಣಿಬಾಗ್ ಉದ್ಯಾನದ ಪುಷ್ಪ ಪ್ರದರ್ಶನಕ್ಕೆ ಹೋಗಿ ಕಣ್ತುಂಬ ನೋಡಿ ಬನ್ನಿ, ಪಿಟೂನಿಯಾ ಕಂಡು ಮರುಳಾಗಿ ಮನೆಗೆ ತರಬೇಡಿ. ಅದು ಚಳಿಯ ಹೂ.

ಮಲ್ಲಿಗೆಯ ಮೊದಲ ಬೆಳೆ ಮುಗಿದ ಕೂಡಲೇ, ಹೂ ಬಿಟ್ಟ ತುದಿಗಳನ್ನು ಎರಡು ಜೋಡಿ ಎಲೆಯ ಕೆಳಗೆ ಕತ್ತರಿಸಿ ಮತ್ತೆ ಹಿಂಡಿ ನೀರು ಕೊಡಿ, ಇನ್ನೊಂದು ಬೆಳೆ ಬರುತ್ತದೆ. ಕುಂಡದ ಕೆಳಗಿನ ತಟ್ಟೆಯ ನೀರನ್ನು ಚೆಲ್ಲುತ್ತಿರಿ, ಸೊಳ್ಳೆ ಮೊಟ್ಟೆಯಿಡುವುದು ಅಲ್ಲೇ. ಜೂನಿನಲ್ಲಿ ಮಳೆ ಹಿಡಿದರೆ ಹಿಂಡಿ ನೀರು ನಿಲ್ಲಿಸಿ, ಬೇರು ಕೊಳೆಯುತ್ತದೆ.