ಭಿನ್ನರಾಶಿ ಲೆಕ್ಕ: ಲಸಾಅ ಎಲ್ಲಿ, ಮಸಾಅ ಎಲ್ಲಿ, ಮಕ್ಕಳು ಎಡವುವುದು ಎಲ್ಲಿ

5/12ಕ್ಕೆ 7/18 ಕೂಡಿಸು ಅಂದ ಕೂಡಲೇ ಎಷ್ಟೋ ಮಕ್ಕಳು 12/30 ಅಂತ ಬರೆದು ಪೆನ್ಸಿಲ್ ಕೆಳಗಿಡುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಹೇಳಿಕೊಡಲು ಕೂತ ಅಪ್ಪ ಅಮ್ಮನಿಗೂ ಅಷ್ಟು ಹೊತ್ತಿಗೆ ಲಸಾಅ ಯಾವುದು, ಮಸಾಅ ಯಾವುದು ಅನ್ನೋದು ಕಲಸಿಹೋಗಿರುತ್ತದೆ. ಮೊದಲು ಇಷ್ಟು ಗಟ್ಟಿ ಮಾಡಿಕೊಳ್ಳಿ. ಲಸಾಅ ಅಂದರೆ ಲಘುತ್ತಮ ಸಾಮಾನ್ಯ ಅಪವರ್ತ್ಯ, ಎಲ್ಲ ಸಂಖ್ಯೆಗಳ ಮಗ್ಗಿಯಲ್ಲೂ ಬರುವ ಅತಿ ಚಿಕ್ಕ ಸಂಖ್ಯೆ. ಮಸಾಅ ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಎಲ್ಲವನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ಕೂಡಿಸಲು, ಕಳೆಯಲು, ಯಾವುದು ದೊಡ್ಡದು ಅಂತ ನೋಡಲು ಲಸಾಅ ಬೇಕು. ಉತ್ತರವನ್ನು ಚಿಕ್ಕದು ಮಾಡಲು ಮಸಾಅ ಬೇಕು. ಗುಣಿಸುವಾಗ ಲಸಾಅ ಬೇಡವೇ ಬೇಡ.

12/30 ತಪ್ಪು ಅಂತ ಬೈದರೆ ಪ್ರಯೋಜನವಿಲ್ಲ, ತೋರಿಸಬೇಕು. 12/30 ಅಂದರೆ 2/5, ಅಂದರೆ 24/60. ನಾವು ಶುರು ಮಾಡಿದ 5/12 ಅನ್ನೋದೇ 25/60. ಅದಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಉತ್ತರ ಕಡಿಮೆಯಾಗಿಬಿಟ್ಟಿದೆ! ಇದನ್ನು ಒಮ್ಮೆ ಕಣ್ಣಾರೆ ನೋಡಿದ ಮಗು ಆಮೇಲೆ ಛೇದಕ್ಕೆ ಛೇದ ಕೂಡಿಸಲು ಹಿಂಜರಿಯುತ್ತದೆ. ಛೇದ ಹೇಳುವುದು ತುಂಡು ಎಷ್ಟು ದೊಡ್ಡದು ಅನ್ನೋದನ್ನು, ಅಂಶ ಹೇಳುವುದು ಅಂಥ ತುಂಡು ಎಷ್ಟಿವೆ ಅನ್ನೋದನ್ನು. ಎರಡು ಸೇರು ಅಕ್ಕಿಗೆ ಮೂರು ಪಾವು ಸೇರಿಸಿ ಐದು ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಸೇರಿಗೆ ನಾಲ್ಕು ಪಾವು, ಹಾಗಾಗಿ ಎಲ್ಲವನ್ನೂ ಪಾವಿಗೆ ತಂದು ಹನ್ನೊಂದು ಪಾವು ಅನ್ನುತ್ತೇವೆ. ಲಸಾಅ ಮಾಡುವ ಕೆಲಸವೂ ಇದೇ.

ಹೆಜ್ಜೆ 1: ಛೇದಗಳನ್ನು ನೋಡಿ

ಒಂದೇ ಇದ್ದರೆ ಸುಮ್ನೆ ಅಂಶ ಕೂಡಿಸಿ. ಒಂದು ಛೇದ ಇನ್ನೊಂದರ ಮಗ್ಗಿಯಲ್ಲಿ ಬಂದರೆ (6 ಮತ್ತು 18ರ ಹಾಗೆ) ದೊಡ್ಡದೇ ಲಸಾಅ. ಮುಂದಕ್ಕೆ ಹೋಗಿ.

ಹೆಜ್ಜೆ 2: ಲಸಾಅ ತೆಗೆಯುವುದು

ಎಲ್ಲರೂ ಕೆಡಿಸಿಕೊಳ್ಳುವ ಜಾಗ ಇದೇ, ಹಾಗಾಗಿ ನಿಧಾನವಾಗಿ ಓದಿ.

ಸಣ್ಣ ಸಂಖ್ಯೆಗಳಿಗೆ ಮಗ್ಗಿಯೇ ಸಾಕು. ದೊಡ್ಡ ಛೇದದ ಮಗ್ಗಿ ಹೇಳುತ್ತಾ ಹೋಗಿ: 18, ಇದು 12ರ ಮಗ್ಗಿಯಲ್ಲಿಲ್ಲ, 36, ಇದೆ. ಮುಗಿಯಿತು. ಚಿಕ್ಕದರ ಮಗ್ಗಿ ಹಿಡಿದರೆ ಜಾಸ್ತಿ ಹೊತ್ತು ಬೇಕು, ಯಾವಾಗಲೂ ದೊಡ್ಡದನ್ನೇ ಹಿಡಿಯಿರಿ.

ಮೂರು ಛೇದ ಬಂದಾಗ ಭಾಗಾಕಾರದ ವಿಧಾನ ಬೇಕು. 3/8 + 5/12 + 7/18 ತೆಗೆದುಕೊಳ್ಳೋಣ. 8, 12, 18ನ್ನು ಒಂದೇ ಸಾಲಲ್ಲಿ ಬರೆಯಿರಿ. 2ರಿಂದ ಭಾಗಿಸಿದರೆ ಕೆಳಗೆ 4, 6, 9. ಮತ್ತೆ 2ರಿಂದ: 2, 3, ಮತ್ತು 9 ಹೋಗುವುದಿಲ್ಲ, ಅದನ್ನು ಹಾಗೇ ಕೆಳಗಿಳಿಸಿ. ಈಗ 3ರಿಂದ: 2 ಹಾಗೇ, 1, 3. ಇನ್ನು ಯಾವ ಎರಡು ಸಂಖ್ಯೆಗೂ ಸಾಮಾನ್ಯ ಅಪವರ್ತನ ಇಲ್ಲ, ನಿಲ್ಲಿಸಿ. ಎಡಗಡೆಯ 2, 2, 3 ಮತ್ತು ಕೊನೆಯ ಸಾಲಿನ 2, 1, 3, ಎಲ್ಲವನ್ನೂ ಗುಣಿಸಿದರೆ 72.

ಇದರಲ್ಲಿ ಮೂರು ಕಡೆ ಜಾರುತ್ತಾರೆ. ಒಂದು, ಎಡಗಡೆಯದನ್ನು ಮಾತ್ರ ಗುಣಿಸಿ 12 ಅಂತ ಬರೆಯುವುದು. 12 ಅನ್ನೋದು 8ರ ಮಗ್ಗಿಯಲ್ಲೇ ಇಲ್ಲ, ಒಮ್ಮೆ ತಾಳೆ ನೋಡಿದರೆ ಗೊತ್ತಾಗುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಈ ಸೂತ್ರವನ್ನು ಹೇಳುವಾಗ ಎರಡನ್ನೂ ಸೇರಿಸಿಯೇ ಹೇಳಿದ್ದಾರೆ: ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಕೊನೆಗೆ ಉಳಿದ ಭಾಗಲಬ್ಧಗಳನ್ನೂ ಒಟ್ಟಿಗೆ ಗುಣಿಸಬೇಕು ಅಂತ. ಆ ಕೊನೆಯ ಸಾಲಿಗೆ ಸುತ್ತ ಒಂದು ಗೆರೆ ಎಳೆಸಿ, ಮರೆಯುವುದಿಲ್ಲ.

ಎರಡು, ಬೇಗ ಮುಗಿಸಲು ದೊಡ್ಡ ಸಂಖ್ಯೆಯಿಂದ ಭಾಗಿಸುವುದು. 12 ಮತ್ತು 18 ಕಂಡ ಕೂಡಲೇ 6ರಿಂದ ಭಾಗಿಸೋಣ ಅನ್ನಿಸುತ್ತದೆ. ಮಾಡಿ ನೋಡಿ: 8, 2, 3 ಬರುತ್ತದೆ. ಆಮೇಲೆ 2ರಿಂದ 4, 1, 3. ಗುಣಿಸಿದರೆ 6 × 2 × 4 × 3, ಅಂದರೆ 144. ಹೇಗಾಯಿತು? 6ರ ಒಳಗೆ ಒಂದು 2 ಇದೆ. ಆ 2 ಅನ್ನೋದು 8ರಲ್ಲೂ ಇತ್ತು, ಆದರೆ 6ರಿಂದ ಭಾಗಿಸುವಾಗ 8 ಹೊರಗೇ ಉಳಿಯಿತು, ಹಾಗಾಗಿ ಒಂದು 2 ಜಾಸ್ತಿಯಾಗಿ ಸೇರಿಕೊಂಡಿತು. 2, 3, 5, 7 ಇಂಥ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿ. 144 ಇಟ್ಟುಕೊಂಡು ಮಾಡಿದರೂ ಕೊನೆಗೆ ಉತ್ತರ ಸರಿಯೇ ಬರುತ್ತದೆ, ಆದರೆ 170/144 ಅನ್ನು ಮತ್ತೆ ಚಿಕ್ಕದು ಮಾಡುತ್ತಾ ಕೂರಬೇಕು.

ಮೂರನೆಯದು ಮಸಾಅ ಜೊತೆ ಕಲಸುವುದು. ಲಸಾಅ ತೆಗೆಯುವಾಗ ಎರಡು ಸಂಖ್ಯೆ ಹೋದರೂ ಸಾಕು, ಮೂರನೆಯದನ್ನು ಹಾಗೇ ಇಳಿಸಬಹುದು. ಮಸಾಅಗೆ ಎಲ್ಲವೂ ಹೋಗಲೇಬೇಕು, ಒಂದು ಹೋಗದಿದ್ದರೂ ಅಲ್ಲಿಗೆ ನಿಲ್ಲಿಸಿ ಎಡಗಡೆಯದನ್ನಷ್ಟೇ ಗುಣಿಸಬೇಕು. 8, 12, 18ರ ಮಸಾಅ ಮೊದಲ ಸಾಲಿಗೇ ಮುಗಿಯಿತು, ಬರೀ 2.

ವಿಡಿಯೋಗಳಲ್ಲಿ ಚಿಟ್ಟೆ ವಿಧಾನ ಅಂತ ಒಂದು ಓಡಾಡುತ್ತಿದೆ: ಅಡ್ಡಡ್ಡ ಗುಣಿಸಿ, ಕೂಡಿಸಿ, ಕೆಳಗೆ ಛೇದಗಳ ಗುಣಲಬ್ಧ ಹಾಕಿ. ದಯವಿಟ್ಟು ಮಕ್ಕಳಿಗೆ ಅದನ್ನು ಮೊದಲು ಕಲಿಸಬೇಡಿ. 5/12 + 7/18ಕ್ಕೆ ಅದು 174/216 ಕೊಡುತ್ತದೆ, ಮೂರು ಭಿನ್ನರಾಶಿ ಬಂದರೆ ಕೈಕೊಡುತ್ತದೆ, ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಮಗುವಿನ ಹತ್ತಿರ ಉತ್ತರ ಇರುವುದಿಲ್ಲ. ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳನ್ನೂ, ಬರೀ ಉತ್ತರ ಅಚ್ಚು ಹಾಕಿದ ಗೈಡ್‌ಗಳನ್ನೂ ದೂರ ಇಡಿ. ಕೊಳ್ಳಲೇಬೇಕು ಅಂದರೆ ಚೌಕುಳಿ ಗೆರೆಯ ಪುಸ್ತಕ ಕೊಳ್ಳಿ. ಒಂದು ಚೌಕಕ್ಕೆ ಒಂದು ಅಂಕಿ ಬರೆದರೆ ಸಾಲುಗಳು ಓರೆಯಾಗುವುದಿಲ್ಲ, ಅರ್ಧ ತಪ್ಪು ಅಲ್ಲೇ ಕಡಿಮೆಯಾಗುತ್ತದೆ.

ಹೆಜ್ಜೆ 3: ಅಂಶವನ್ನೂ ಬದಲಿಸಿ

ಛೇದ 72 ಅಂತ ಬರೆದು ಮೇಲೆ ಹಳೆಯ 3, 5, 7ನ್ನೇ ಬಿಟ್ಟುಬಿಡುತ್ತಾರೆ. 8 ಹೇಗೆ 72 ಆಯಿತು? 9ರಿಂದ. ಹಾಗಿದ್ದರೆ 3ನ್ನೂ 9ರಿಂದ ಗುಣಿಸಿ, 27/72. ಹಾಗೇ 30/72, 28/72. ಕೂಡಿದರೆ 85/72, ಅಂದರೆ 1 ಪೂರ್ಣ 13/72. ಆ “9ರಿಂದ” ಅನ್ನೋದನ್ನು ಪಕ್ಕದಲ್ಲಿ ಸಣ್ಣದಾಗಿ ಬರೆಯಲೇಬೇಕು, ಮನಸ್ಸಲ್ಲೇ ಮಾಡಿದೆ ಅಂದರೆ ಒಪ್ಪಬೇಡಿ.

ಮಿಶ್ರ ಭಿನ್ನರಾಶಿ ಕಳೆಯುವಾಗ ಇನ್ನೊಂದು ತೊಡಕು. 5 ಪೂರ್ಣ 1/4ರಿಂದ 2 ಪೂರ್ಣ 5/6 ಕಳೆಯಬೇಕು. ಲಸಾಅ 12, ಹಾಗಾಗಿ 5 ಪೂರ್ಣ 3/12ರಿಂದ 2 ಪೂರ್ಣ 10/12. 3ರಲ್ಲಿ 10 ಹೋಗುವುದಿಲ್ಲ, ಪಕ್ಕದಿಂದ ಸಾಲ ತರಬೇಕು. ಇಲ್ಲಿ ಮಕ್ಕಳು ಅಭ್ಯಾಸಬಲದಿಂದ 10 ತಂದು 13 ಮಾಡುತ್ತಾರೆ. ತರುವುದು ಒಂದು ಪೂರ್ಣ, ಅಂದರೆ 12/12. ಹಾಗಾಗಿ 4 ಪೂರ್ಣ 15/12. ಉತ್ತರ 2 ಪೂರ್ಣ 5/12.

ಹೆಜ್ಜೆ 4: ಚಿಕ್ಕದು ಮಾಡುವುದು

ಲಸಾಅ ಬಳಸಿದ ಮಾತ್ರಕ್ಕೆ ಉತ್ತರ ಚಿಕ್ಕದಾಗೇ ಬರುತ್ತದೆ ಅಂತಿಲ್ಲ. 1/6 + 3/10 ಮಾಡಿದರೆ 14/30, ಅದು 7/15. ಸಾಮಾನ್ಯವಾಗಿ 2, 3, 5 ನೋಡಿ ಕೈಬಿಡುತ್ತಾರೆ. 91/119 ಕೊಡಿ, ಇದು ಹೋಗಲ್ಲ ಅನ್ನುತ್ತಾರೆ. ನನ್ನ ಮಟ್ಟಿಗೆ ಇದಕ್ಕೆ ಕಳೆಯುವುದಕ್ಕಿಂತ ಒಳ್ಳೆಯ ದಾರಿ ಇಲ್ಲ: 119 − 91 = 28. ಎರಡಕ್ಕೂ ಸಾಮಾನ್ಯವಾದ ಅಪವರ್ತನ ಏನೇ ಇದ್ದರೂ ಅದು 28ರಲ್ಲೂ ಇರಲೇಬೇಕು. 28ರಲ್ಲಿರುವುದು 2 ಮತ್ತು 7. 2 ಹೋಗುವುದಿಲ್ಲ, 7 ಹೋಗುತ್ತದೆ. 13/17.

ಗುಣಿಸುವಾಗ ಮಸಾಅ ಕೆಲಸವನ್ನು ಮೊದಲೇ ಮಾಡಿಬಿಡಿ. 14/15 × 25/28ರಲ್ಲಿ 14ಕ್ಕೂ 28ಕ್ಕೂ 14, 25ಕ್ಕೂ 15ಕ್ಕೂ 5. ಹೊಡೆದುಹಾಕಿದರೆ ಉಳಿಯುವುದು 1/3 × 5/2, ಅಂದರೆ 5/6. ಆದರೆ ನಡುವೆ ಕೂಡುವ ಚಿಹ್ನೆ ಇದ್ದರೆ ಹೀಗೆ ಅಡ್ಡಕ್ಕೆ ಹೊಡೆಯುವ ಹಾಗಿಲ್ಲ. ಹೊಡೆಯುವ ಮೊದಲು ಚಿಹ್ನೆಯ ಮೇಲೆ ಬೆರಳಿಟ್ಟು ನೋಡು ಅಂತ ಹೇಳಿ.

ಇವತ್ತೇ ಒಂದು ಲೆಕ್ಕ ಮಾಡಿಸಿ: 5/12 + 7/20 + 4/15. ಲಸಾಅ 900 ಬಂದರೆ ಭಾಗಿಸುವುದನ್ನು ನಡುವೆಯೇ ನಿಲ್ಲಿಸಿದ್ದಾರೆ, 60 ಬರಬೇಕು. 62/60ಕ್ಕೆ ನಿಂತರೆ ಕೊನೆಯ ಹೆಜ್ಜೆ ಬಾಕಿ ಇದೆ. ಉತ್ತರ 1 ಪೂರ್ಣ 1/30.