ಬೀಜದ ಹತ್ತಿಯೊಳಗೆ ಸೇರಿಕೊಂಡ ತಿಗಣೆ

ನಮ್ಮದು ಧಾರವಾಡ ಕಡೆಯ ಎರೆ ಹೊಲ. ಒಂದು ಎಕರೆ ಜಯಧರ್ ತಳಿಯ ಹತ್ತಿ ಹಾಕುತ್ತೇವೆ, ಬೀಜ ಮನೆಯದೇ. ಎರಡು ವರ್ಷದ ಹಿಂದೆ ಬಿತ್ತುವ ಮುಂಚೆ ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮೊಳೆತದ್ದು 46. ಉಳಿದವನ್ನು ಒಡೆದು ನೋಡಿದರೆ ತಿರುಳು ಸುಕ್ಕಾಗಿ ಕಂದು ಬಣ್ಣಕ್ಕೆ ತಿರುಗಿತ್ತು.

ಆಗ ನೆನಪಾಯಿತು. ಕೊನೆಯ ಸಲ ಬಿಡಿಸಿದ ಹತ್ತಿಯನ್ನೇ ಬೀಜಕ್ಕೆ ಇಟ್ಟಿದ್ದೆ. ಆಳು ಸಿಗದೆ ಒಡೆದ ಕಾಯಿ ಇಪ್ಪತ್ತು ದಿನ ಗಿಡದಲ್ಲೇ ನಿಂತಿತ್ತು. ಬಿಡಿಸುವಾಗ ಅರಳೆಯೊಳಗಿಂದ ಸಣ್ಣ ಹುಳ ಬುಳುಬುಳು ಹೊರಬಂದಿದ್ದವು. ಅದೇ ಹತ್ತಿಯ ಬೂದು ತಿಗಣೆ. ಪುಸ್ತಕದ ಹೆಸರು ಆಕ್ಸಿಕಾರೆನಸ್ ಹಯಲಿನಿಪೆನ್ನಿಸ್. ನಾಲ್ಕೈದು ಮಿಲಿಮೀಟರ್ ಉದ್ದ, ಗಾಜಿನಂಥ ರೆಕ್ಕೆ, ಮರಿಗಳ ಹೊಟ್ಟೆ ಕೆಂಪು. ಹಿಸುಕಿದರೆ ನಾತ ಬೇರೆ. ಕೆಂಪು ತಿಗಣೆಯ ಹಾಗೆ ಎದ್ದು ಕಾಣುವುದಿಲ್ಲ. ಅದಕ್ಕೇ ನಾನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಇದಕ್ಕೆ ಕಾಯಿ ಕೊರೆಯಲು ಬರುವುದಿಲ್ಲ. ಕಾಯಿ ಒಡೆಯುವುದನ್ನೇ ಕಾಯುತ್ತದೆ. ಕಾಯಿಕೊರಕ ಹಾಳು ಮಾಡಿ ಅರ್ಧ ಬಾಯಿಬಿಟ್ಟ ಕಾಯಿ ಸಿಕ್ಕರಂತೂ ಹಬ್ಬ. ಅರಳೆಯಲ್ಲೇ ಮೊಟ್ಟೆ, ಅಲ್ಲೇ ಸಂಸಾರ. ಸೂಜಿಯಂಥ ಬಾಯಿ ಚುಚ್ಚಿ ಕಾಳಿನ ರಸ ಹೀರುತ್ತದೆ. ಬೀಜ ಬಿಡಿಸುವ ಜಿನ್ನಿನಲ್ಲಿ ತಿಗಣೆ ಅರೆದು ಹೋದರೆ ಅರಳೆಗೆ ಕಲೆ. ಒಂದು ಸಲ ಔಷಧಿಯನ್ನೂ ಹೊಡೆದೆ. ಅರಳೆ ಒದ್ದೆಯಾಯಿತು, ಒಳಗಿನವು ಆರಾಮಾಗಿದ್ದವು. ಸುಮ್ನೆ ದುಡ್ಡು ದಂಡ.

ಹತ್ತಿ ಇಲ್ಲದ ತಿಂಗಳುಗಳಲ್ಲಿ ಇವು ಎಲ್ಲಿರುತ್ತವೆ ಅಂತ ಹುಡುಕಿದೆ. ದೂರವೇನಿಲ್ಲ. ಹಿತ್ತಲಲ್ಲಿ ನಾವೇ ಬೀಜಕ್ಕೆ ಅಂತ ಬಿಟ್ಟು ಮರೆತಿದ್ದ ಬೆಂಡೆಕಾಯಿ ಒಣಗಿ ಬಿರಿದಿತ್ತು. ಬಿಡಿಸಿದರೆ ಒಳಗೆ ಇವೇ! ಬದುವಿನ ತುತ್ತಿ ಗಿಡದ ಒಣ ಕಾಯಲ್ಲೂ ಇದ್ದವು. ಹತ್ತಿ, ಬೆಂಡೆ, ತುತ್ತಿ ಎಲ್ಲ ಒಂದೇ ಕುಟುಂಬ ಅಲ್ವಾ, ತಿಗಣೆಗೆ ಅದು ನಮಗಿಂತ ಮೊದಲೇ ಗೊತ್ತು. ಸುರುಳಿ ಸುತ್ತಿದ ಒಣ ಎಲೆಯಲ್ಲೂ ಗುಂಪಾಗಿ ಅಡಗಿದ್ದವು.

ಮುಂದಿನ ಸಲ ಬೀಜಕ್ಕೆ ಮೊದಲ ಬಿಡಿಕೆಯ ಹತ್ತಿಯನ್ನೇ ತೆಗೆದಿಟ್ಟೆ. ಒಡೆದ ಕಾಯಿಯನ್ನು ವಾರಕ್ಕಿಂತ ಜಾಸ್ತಿ ನಿಲ್ಲಿಸಲಿಲ್ಲ, ಮನೆಯವರೇ ಬಿಡಿಸಿದೆವು. ತಾಡಪತ್ರಿಯ ಮೇಲೆ ತೆಳ್ಳಗೆ ಹರಡಿ ಮೂರು ದಿನ ಬಿಸಿಲಿಗೆ ಹಾಕಿದೆ. ಮಧ್ಯಾಹ್ನದ ಕಾವಿಗೆ ತಿಗಣೆಗಳು ತಾವಾಗಿಯೇ ಹೊರಬಿದ್ದವು. ನೆರಳಲ್ಲಿ ರಾಶಿ ಹಾಕಿದ್ದರೆ ಒಂದೂ ಕದಲುವುದಿಲ್ಲ, ಹಿಂದೆ ನಾನು ಮಾಡಿದ ತಪ್ಪು ಅದೇ. ಹಿತ್ತಲ ಬೆಂಡೆ, ನಮ್ಮ ಬದುವಿನ ತುತ್ತಿ ಎರಡನ್ನೂ ಕಿತ್ತು ಸುಟ್ಟೆ.

ಆ ಬೀಜ ನೂರಕ್ಕೆ 81 ಮೊಳೆಯಿತು. ಪಕ್ಕದ ಹೊಲದ ಬದುವಿನಲ್ಲಿ ತುತ್ತಿ ಇನ್ನೂ ಸೊಂಪಾಗಿದೆ. "ಕಾಕಾ, ಕೀಳಲಾ?" ಅಂದೆ. "ಮೂಲವ್ಯಾಧಿಗೆ ಔಷಧಿ ಅದು, ಇರಲಿ ಬಿಡು" ಅಂದರು.